ಎಂಟು ಗಜದ ಕಿಲ್ಟ್: ಮದುವೆಗೂ ಸೈ, ಮ್ಯೂನಿಕ್‌ಗೂ ಸೈ

ಮೊದಲೇ ಹೇಳಿಬಿಡುತ್ತೇನೆ, ಕೊಟ್ಟ ದುಡ್ಡು ದಂಡವಾಗಿಲ್ಲ. ಎಡಿನ್‌ಬರಾದ ಒಂದು ಸಣ್ಣ ಅಂಗಡಿಯಲ್ಲಿ ಅಳತೆ ಕೊಟ್ಟು ಹೊಲಿಸಿದ ಎಂಟು ಗಜದ ಉಣ್ಣೆ ಕಿಲ್ಟ್ ಇದು, ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಡುಪು. 16 ಔನ್ಸಿನ ದಪ್ಪ ಬಟ್ಟೆ, ನೆರಿಗೆಯೆಲ್ಲ ಕೈಹೊಲಿಗೆ. ಕೆಲವು ವರ್ಷಗಳಿಂದ ಮದುವೆ, ಬರ್ನ್ಸ್ ನೈಟ್ (ಕವಿ ರಾಬರ್ಟ್ ಬರ್ನ್ಸ್ ನೆನಪಿನ ರಾತ್ರಿ) ಊಟ, ರೈಲು, ವಿಮಾನ ಎಲ್ಲ ಕಡೆಯೂ ಉಟ್ಟು ಓಡಾಡಿದ್ದೇನೆ. ಇಲ್ಲಿಗೆ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರು ಕೇಳುವುದು ಒಂದೇ, "ಅಣ್ಣಾ, ನಾಚಿಕೆ ಆಗಲ್ವಾ?" ಅಳತೆ ಸರಿಯಿಲ್ಲದಿದ್ದರೆ ಆಗುತ್ತದೆ. ಸರಿಯಿದ್ದರೆ ಅರ್ಧ ಗಂಟೆಯಲ್ಲಿ ಮರೆತೇಹೋಗುತ್ತದೆ.

ಕೊಳ್ಳುವ ಮುಂಚೆ ಸಹೋದ್ಯೋಗಿಯೊಬ್ಬರ ಮದುವೆಗೆ ಬಾಡಿಗೆಗೆ ತಂದಿದ್ದೆ. ತೆಳು ಬಟ್ಟೆ, ಯಾರ ಸೊಂಟಕ್ಕೋ ಹೊಲಿದದ್ದು. ಇಡೀ ದಿನ ಎಳೆದುಕೊಳ್ಳುವುದೇ ಕೆಲಸವಾಯಿತು. ಫೋಟೋಗಳಲ್ಲೆಲ್ಲ ನನ್ನ ಒಂದು ಕೈ ಸೊಂಟದ ಮೇಲೇ ಇದೆ! ಹೊಲಿಸಿದ ಕಿಲ್ಟ್ ಸುಮಾರು ಎರಡು ಕೆಜಿ ತೂಗುತ್ತದೆ. ಆ ಭಾರವೇ ಅದರ ಗುಣ. ಹಿಂದಿನ ನೆರಿಗೆಗಳು ತೂಕಕ್ಕೆ ನೆಟ್ಟಗೆ ಇಳಿಬೀಳುತ್ತವೆ, ಸಣ್ಣಪುಟ್ಟ ಗಾಳಿಗೆ ಜಗ್ಗುವುದಿಲ್ಲ. ಎಡಿನ್‌ಬರಾದ ನಾರ್ತ್ ಬ್ರಿಡ್ಜ್ ಮೇಲೆ ಚಳಿಗಾಲದಲ್ಲಿ ನಡೆದವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಪಾಲಿವಿಸ್ಕೋಸ್ ಅನ್ನುವ ಹಗುರ ಕೃತಕ ಬಟ್ಟೆಯ ಕಿಲ್ಟ್ ಉಟ್ಟವರು ಎರಡೂ ಕೈಯಲ್ಲಿ ಅಂಚು ಹಿಡಿದು ನಡೆಯುವುದನ್ನು ನೋಡಿದ್ದೇನೆ, ಪಾಪ.

ಅಳತೆ ಕೊಡುವಾಗ ಜೀನ್ಸ್ ಸೈಜ್ ಹೇಳಬೇಡಿ. ಕಿಲ್ಟ್ ಕೂರುವುದು ಹೊಕ್ಕುಳಿನ ಮಟ್ಟದಲ್ಲಿ, ಜೀನ್ಸ್‌ಗಿಂತ ಮೇಲೆ. ಉದ್ದ ಮಂಡಿಚಿಪ್ಪಿನ ಹತ್ತಿರಕ್ಕೆ ನಿಲ್ಲಬೇಕು. ನಮ್ಮ ದರ್ಜಿ ನನ್ನನ್ನು ಮಂಡಿಯೂರಿಸಿ, ಅಂಚು ನೆಲ ಮುಟ್ಟುತ್ತದೋ ಇಲ್ಲವೋ ಅಂತ ಬಗ್ಗಿ ನೋಡಿದರು. ಮುಟ್ಟಬಾರದು. ಮಂಡಿಯಿಂದ ಕೆಳಗೆ ಇಳಿದರೆ ಎಂಥ ಎತ್ತರದ ಗಂಡಸೂ ಅಕ್ಕನ ಸ್ಕರ್ಟ್ ಎರವಲು ತಂದವನಂತೆ ಕಾಣುತ್ತಾನೆ. ಪಿನ್ ವಿಷಯವನ್ನೂ ಅವರೇ ಹೇಳಿಕೊಟ್ಟರು. ಮುಂದೆ ಎರಡು ಪದರ ಒಂದರ ಮೇಲೊಂದು ಬರುತ್ತವಲ್ಲ, ಪಿನ್ ಚುಚ್ಚುವುದು ಮೇಲಿನ ಪದರಕ್ಕೆ ಮಾತ್ರ. ಎರಡಕ್ಕೂ ಸೇರಿಸಿ ಚುಚ್ಚಿದರೆ ಕುಳಿತಾಗ ಬಟ್ಟೆ ಹರಿಯುತ್ತದೆ.

ಟಾರ್ಟನ್ ಅಂದರೆ ಕಿಲ್ಟ್ ಬಟ್ಟೆಯ ಚೌಕಳಿ ವಿನ್ಯಾಸ, ಹಲವು ಇಲ್ಲಿಯ ಒಂದೊಂದು ಕುಲದ್ದು. ಅದನ್ನು ಆರಿಸುವಾಗ ಒಂದು ತಮಾಷೆ ನಡೆಯಿತು. ತಮಾಷೆ ಅನ್ನಬೇಕೋ ಬೇಡವೋ. ನನಗೆ ಯಾವ ಕುಲವೂ ಇಲ್ಲ, ಹಾಗಾಗಿ ಯಾರು ಬೇಕಾದರೂ ಹಾಕಬಹುದಾದ ಬ್ಲ್ಯಾಕ್ ವಾಚ್ ತೋರಿಸಿದರು, ಅದೇ ಹೆಸರಿನ ಸ್ಕಾಟಿಷ್ ಸೇನಾ ರೆಜಿಮೆಂಟಿನ ಟಾರ್ಟನ್. ಕಡು ನೀಲಿ, ಹಸಿರು, ಕಪ್ಪು. ನೋಡಲು ಬಹಳ ಚೆನ್ನ. ಆದರೆ ಸ್ಕಾಟ್ಲೆಂಡಿನ ಪರ್ತ್‌ನ ಬಾಲ್‌ಹೂಸಿ ಕೋಟೆಯಲ್ಲಿ ಆ ರೆಜಿಮೆಂಟಿನ ಮ್ಯೂಸಿಯಂ ಇದೆ, ನಾನು ನೋಡಿಕೊಂಡು ಬಂದಿದ್ದೆ. ಅವರ ಯುದ್ಧಗೌರವಗಳ ಪಟ್ಟಿಯಲ್ಲಿ ಮಂಗಳೂರು, ಮೈಸೂರು, ಶ್ರೀರಂಗಪಟ್ಟಣ ಮೂರೂ ಇವೆ. 1783ರಲ್ಲಿ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದಾಗ ಒಳಗಿದ್ದ ಪಡೆಯಲ್ಲಿ ಅವರ ಎರಡನೇ ಬೆಟಾಲಿಯನ್ ಇತ್ತು. ಮುಂದೆ ಅದೇ 73ನೇ ರೆಜಿಮೆಂಟಾಗಿ 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಿತ್ತು. ನಾನು ಪಾಂಡವಪುರದವನು. ಮಿಕ್ಕವರು ಹಾಕಿಕೊಳ್ಳಲಿ, ನನಗೇನೂ ತಕರಾರಿಲ್ಲ, ನನಗೆ ಮಾತ್ರ ಮನಸ್ಸು ಬರಲಿಲ್ಲ. ಬಾಡಿಗೆ ಕಟ್ಟುವ ಊರಿನದ್ದೇ ಇರಲಿ ಅಂತ ಎಡಿನ್‌ಬರಾ ಟಾರ್ಟನ್ ತೆಗೆದುಕೊಂಡೆ.

ಇನ್ನು ಕೂರುವುದು. ಎರಡೂ ಅಂಗೈಯಿಂದ ಹಿಂದಿನ ನೆರಿಗೆಗಳನ್ನು ಕೆಳಕ್ಕೆ ಸವರಿ ಕೂತರೆ ಆಯಿತು, ನೆರಿಗೆಯೂ ಮುದುರುವುದಿಲ್ಲ. ಮುಂದುಗಡೆ ಸ್ಪೊರಾನ್ ಅನ್ನುವ ಚರ್ಮದ ಚೀಲ ತೊಡೆಗಳ ನಡುವೆ ಬಟ್ಟೆಯನ್ನು ಅದುಮಿ ಕೂರುತ್ತದೆ. ಮಾನ ಕಾಯುವುದೂ ಅದೇ, ಜೇಬಿಲ್ಲದ ಉಡುಪಿಗೆ ಜೇಬೂ ಅದೇ. ನನ್ನದರಲ್ಲಿ ಫೋನ್, ಕಾರ್ಡು, ಮನೆ ಕೀಲಿ ಹಿಡಿಯುತ್ತವೆ, ಪಾಸ್‌ಪೋರ್ಟ್ ಹಿಡಿಯುವುದಿಲ್ಲ. ಪಂಚೆ ಉಟ್ಟು ಅಭ್ಯಾಸ ಇರುವವರಿಗೆ ಒಂದು ಎಚ್ಚರಿಕೆ: ಮೆಟ್ಟಿಲು ಹತ್ತುವಾಗ ಕೈ ತಾನಾಗಿ ಅಂಚು ಎತ್ತಲು ಹೋಗುತ್ತದೆ. ತಡೆದುಕೊಳ್ಳಿ.

ಪ್ರಯಾಣಕ್ಕೆ ಇದು ನಿಜವಾಗಿ ಪರೀಕ್ಷೆಯಾದದ್ದು 2024ರ ಜೂನ್‌ನಲ್ಲಿ. ಯೂರೋ ಕಪ್ಪಿನ ಮೊದಲ ಪಂದ್ಯ, ಮ್ಯೂನಿಕ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಜರ್ಮನಿ. 5-1ರಿಂದ ಸೋತೆವು, ಆ ಮಾತು ಬಿಡಿ. ಮರೀನ್‌ಪ್ಲಾಟ್ಸ್ ಚೌಕದ ತುಂಬ ಕಿಲ್ಟ್‌ಗಳೇ. ಚರ್ಮದ ಚಡ್ಡಿ ಹಾಕಿದ ಅಲ್ಲಿಯ ಒಬ್ಬ ಅಜ್ಜ ನನ್ನ ಕಿಲ್ಟ್ ಅಂಚನ್ನು ಬೆರಳಲ್ಲಿ ಹಿಡಿದು, ದಪ್ಪ ನೋಡಿ, ಮೆಚ್ಚಿ ತಲೆಯಾಡಿಸಿದ. ಹೋಗುವಾಗ ವಿಮಾನದಲ್ಲಿ ಜೀನ್ಸ್‌ನಲ್ಲೇ ಇದ್ದೆ. ಕಿಲ್ಟ್ ಉಟ್ಟು ಹೋದರೆ ಮೂರು ಬಕಲ್, ಪಿನ್ನು, ಸ್ಪೊರಾನ್ ಸರಪಳಿ, ಎಲ್ಲಕ್ಕೂ ಸೆಕ್ಯೂರಿಟಿಯ ಯಂತ್ರ ಕಿರುಚುತ್ತದೆ. ಮಡಚುವುದಕ್ಕಿಂತ ಸುತ್ತುವುದು ಒಳ್ಳೆಯದು. ನೆರಿಗೆಗಳನ್ನು ಒಂದರ ಮೇಲೊಂದು ನೀಟಾಗಿ ಕೂಡಿಸಿ, ಅಡ್ಡಕ್ಕೆ ಬಿಗಿಯಾಗಿ ಸುರುಳಿ ಸುತ್ತಿ, ಹೆಂಡತಿಯ ಹಳೆಯ ಸ್ಟಾಕಿಂಗ್ ಒಳಗೆ ತೂರಿಸಿದೆ. ಇಲ್ಲಿಯ ಹಳಬರ ಉಪಾಯ ಇದು. ತೆಗೆದು ಸ್ನಾನದ ಮನೆಯ ಹಬೆಯಲ್ಲಿ ಸ್ವಲ್ಪ ಹೊತ್ತು ನೇತುಹಾಕಿದೆ, ಇಸ್ತ್ರಿ ಬೇಕಾಗಲಿಲ್ಲ.

ಕಾಲುಚೀಲದಲ್ಲಿ ಸಿಕ್ಕಿಸುವ ಸಣ್ಣ ಚೂರಿ, ಸ್ಕೀಅನ್ ಡೂ, ಇದೆಯಲ್ಲ, ಅದನ್ನು ಕೈಚೀಲದಲ್ಲಿ ಇಟ್ಟರೆ ಕಳೆದುಕೊಂಡಂತೆಯೇ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ರಾಷ್ಟ್ರೀಯ ಉಡುಪಿನ ಭಾಗವಾಗಿ ಅದಕ್ಕೆ ವಿನಾಯಿತಿ ಇದೆ, ವಿಮಾನದ ಕ್ಯಾಬಿನ್‌ನಲ್ಲಿ ಇಲ್ಲ. ಬೇರೆ ದೇಶಕ್ಕೆ ಹೋಗುವಾಗ ನಾನಂತೂ ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಒಂದು ಮದುವೆಯಲ್ಲಿ ಮಡಿಕೇರಿಯ ಗೆಳೆಯ ಕುಪ್ಯ, ಚೇಲೆ ತೊಟ್ಟು ಪೀಚೆಕತ್ತಿ ಸಿಕ್ಕಿಸಿಕೊಂಡು ಬಂದಿದ್ದ. ಮದುಮಗನ ಮಾವ ನನ್ನ ಚೂರಿಯನ್ನೂ ಅವನ ಕತ್ತಿಯನ್ನೂ ನೋಡಿ ನನ್ನ ಬೆನ್ನು ತಟ್ಟಿ ಸಮಾಧಾನ ಮಾಡಿದರು.

ದೂರು ಇಲ್ಲವೆ? ಇದೆ. ಪಬ್ಬಿನಲ್ಲಿ ಕುಡಿದವರು "ಒಳಗೇನಿದೆ?" ಅಂತ ಕೇಳುವುದು ಸವೆದುಹೋದ ಜೋಕು. "ಶೂಸು, ಸಾಕ್ಸು" ಅಂತ ಹೇಳಿ ಮುಂದೆ ಹೋಗುತ್ತೇನೆ. ಕೆಲವರು ಎತ್ತಿ ನೋಡಲಿಕ್ಕೇ ಬರುತ್ತಾರೆ. ಅದು ತಮಾಷೆಯಲ್ಲ, ಯಾರಿಗೆ ಮಾಡಿದರೂ ತಪ್ಪು. ಕೈ ಹಿಡಿದು ಗಟ್ಟಿಯಾಗಿ "ಬೇಡ" ಅನ್ನಿ, ನಗುತ್ತಾ ಸಹಿಸಬೇಡಿ. ಚಡ್ಡಿ ಹಾಕಿಕೊಳ್ಳಿ ಅನ್ನುವುದು ನನ್ನ ಸಲಹೆ, ಒಳಗೆ ಏನೂ ಹಾಕಬಾರದು ಅನ್ನುವ ಸಂಪ್ರದಾಯ ಏನೇ ಇರಲಿ. ಕೇಲಿ ಅನ್ನುವ ಇಲ್ಲಿಯ ಗುಂಪುಕುಣಿತದಲ್ಲಿ ಸ್ಟ್ರಿಪ್ ದ ವಿಲೋ ಅನ್ನುವ ಸುತ್ತುಕುಣಿತ ಶುರುವಾಗಿ ಸುತ್ತಿ ಸುತ್ತಿ ಬಿಸಾಡಿದಾಗ ಎಂಟು ಗಜದ ಭಾರವೂ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಸೆಕೆ ಇನ್ನೊಂದು ತೊಂದರೆ. ಬೇಸಿಗೆ ಮದುವೆಗಳೇ ಜಾಸ್ತಿ ಇರುವವರು 13 ಔನ್ಸಿನ ಬಟ್ಟೆ ನೋಡಬಹುದು. ಬೇಸಿಗೆಯಲ್ಲಿ ಪಶ್ಚಿಮದ ಹೈಲ್ಯಾಂಡ್ಸ್ ಕಡೆ ಹೋದರೆ ಮಿಜ್ ಅನ್ನುವ ನುಸಿಗಳು ಬರಿಮಂಡಿಯನ್ನು ಹುಡುಕಿಕೊಂಡು ಬರುತ್ತವೆ.

ಬೆಲೆ ಜಾಸ್ತಿಯೇ. ಕೈಹೊಲಿಗೆಯದ್ದು ಬೇಕಾದರೆ ಕಿಲ್ಟ್ ಒಂದಕ್ಕೇ ನೂರಾರು ಪೌಂಡ್, ಕೋಟು, ಶೂ, ಸ್ಪೊರಾನ್ ಬೇರೆ. ವರ್ಷಕ್ಕೆ ಒಂದು ಸಲ ಹಾಕುವವರು ಸುಮ್ನೆ ಬಾಡಿಗೆಗೆ ತನ್ನಿ, ಆದರೆ ಹಿಂದಿನ ದಿನವೇ ಹೋಗಿ ಉಟ್ಟು, ಕೂತು, ಎದ್ದು ನೋಡಿ. ಕೊಂಡವರು ಒಗೆಯಲು ಹೋಗಬೇಡಿ. ಬ್ರಷ್ ಹೊಡೆದು ಗಾಳಿಗೆ ಹಾಕಿದರೆ ಸಾಕು, ಬಟ್ಟೆ ತಿನ್ನುವ ಹುಳ ಹಿಡಿಯದಂತೆ ಬೀರುವಿನಲ್ಲಿ ದೇವದಾರು ತುಂಡು ಇಡಿ. ನನ್ನ ಸೊಂಟ ಈ ವರ್ಷಗಳಲ್ಲಿ ಸ್ವಲ್ಪ ಹಿಗ್ಗಿದೆ, ಬಕಲ್ಲುಗಳು ಈಗ ಕೊನೆಯ ತೂತಿಗೆ ಬಂದಿವೆ. ಪಟ್ಟಿ ಬಿಚ್ಚಿ ಒಂದೆರಡು ಇಂಚು ಸರಿಸಿ ಹೊಲಿಯಬಹುದು ಅಂತ ದರ್ಜಿ ಹೇಳಿದ್ದಾರೆ, ಜನವರಿ 25ರ ಬರ್ನ್ಸ್ ನೈಟ್‌ಗೆ ಮುಂಚೆ ಕೊಟ್ಟುಬರಬೇಕು.