ಗೋಕರ್ಣದ ಗಾಳಿಮರದಡಿಯ ಡೇರೆಗಳು

ಗೋಕರ್ಣದ ಕಡಲಂಚಿನಲ್ಲಿ ಒಂದೇ ಮನೆಯವರು ನಡೆಸುವ ಈ ಡೇರೆ ತಾಣಕ್ಕೆ ಬರುವವರಲ್ಲಿ ಹೆಚ್ಚಿನವರು ಹಳಬರು. ಹುಬ್ಬಳ್ಳಿಯ ಒಂದು ಕುಟುಂಬವಂತೂ ಫೋನ್ ಮಾಡಿದಾಗ ಬಾಡಿಗೆ ವಿಚಾರಿಸುವುದೇ ಇಲ್ಲ. ‘ಅಕ್ಕಾ, ನಮ್ಮ ಮರದ ಕೆಳಗೆ ಜಾಗ ಇದೆಯೇ?’ ಅಷ್ಟೇ. ಅವರ ಸ್ಟೌ, ಚಾಪೆಗಳೆಲ್ಲ ವರ್ಷವಿಡೀ ತಾಣ ನಡೆಸುವ ಅಕ್ಕನ ಅಟ್ಟದಲ್ಲೇ ಇರುತ್ತವೆ.

ಸಡಿಲ ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಅದಕ್ಕೇ ಅಕ್ಕನ ಮಗ ಚೀಲಕ್ಕೆ ಮರಳು ತುಂಬಿ, ಹಗ್ಗ ಬಿಗಿದು, ಮೊಣಕಾಲುದ್ದದ ಗುಂಡಿಯಲ್ಲಿ ಹೂಳುತ್ತಾನೆ. ರಾತ್ರಿಯಿಡೀ ಗಾಳಿ ಬೀಸಿದರೂ ನಮ್ಮ ಡೇರೆ ಅಲುಗಲಿಲ್ಲ. ಕಡಲ ಸೆಳೆತವಿರುವ ಕಡೆ ಸೊಂಟದ ಮೇಲಿನ ನೀರಿಗೆ ಆತ ಯಾರನ್ನೂ ಬಿಡುವುದಿಲ್ಲ; ಅದೇ ಸರಿ.

ಊಟದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಜುಮ್ಮನಕಾಯಿ ಎಂಬ ಸಂಬಾರ ಕಾಯಿ ಜಜ್ಜಿ ಹಾಕಿದ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ, ಪಕ್ಕದೂರು ಸಾಣಿಕಟ್ಟೆಯ ಉಪ್ಪು ಬೆರೆಸಿದ ಮಾವಿನ ಮಿಡಿ. ಮೀನು ತಿನ್ನದವರಿಗೆ ಬೇರೆ ಒಲೆ, ಬೇರೆ ಪಾತ್ರೆ.

ಸ್ನಾನದ ಮನೆಗಳು ಮಾತ್ರ ಸಾಲವು. ಬೆಳಿಗ್ಗೆ ಬಕೆಟ್ ಹಿಡಿದು ಕಾಯಬೇಕು. ಇನ್ನೊಂದನ್ನು ಕಟ್ಟಿಸಲೇಬೇಕು ಎಂದು ಅಕ್ಕನಿಗೆ ನೇರವಾಗಿಯೇ ಹೇಳಿದ್ದೇನೆ.

ಮಳೆಗಾಲದಲ್ಲಿ ಮುಚ್ಚಿರುತ್ತದೆ. ದೀಪಾವಳಿ ರಜೆಗೆ ಹೋಗುವವರು ದಸರೆಗೆ ಮೊದಲೇ ಜಾಗ ಹೇಳಿಟ್ಟುಕೊಳ್ಳಿ.