ಬಟ್ಟೆ ಇಂಪೋರ್ಟ್‌ಗೆ ಹಿಡಿದ ಕಸ್ಟಮ್ಸ್ ಬ್ರೋಕರ್: ಕೆಲಸಕ್ಕೆ 5, ಫೋನ್ ಎತ್ತೋದಕ್ಕೆ 2

ಚಿಕ್ಕಪೇಟೆ ಅಂಗಡಿಗೆ ಚೀನಾದಿಂದ ಪಾಲಿಯೆಸ್ಟರ್ ಬಟ್ಟೆ ತರಿಸ್ತೀವಿ, ವೈಟ್‌ಫೀಲ್ಡ್ ಐಸಿಡಿಲಿ (ಕಂಟೇನರ್ ಇಳಿಸಿ ಕಸ್ಟಮ್ಸ್ ತಪಾಸಣೆ ಮಾಡೋ ಡಿಪೋ) ಕ್ಲಿಯರೆನ್ಸ್‌ಗೆ ಈ ಬ್ರೋಕರ್‌ನ ಹಿಡಿದಿದ್ದು. ಕೆಲ್ಸ ಗೊತ್ತಿರೋ ಜನ ಗುರು. ಬೇರೆ ಏಜೆಂಟ್‌ಗಳು ಇನ್‌ವಾಯ್ಸ್ ನೋಡಿ "ಪಾಲಿಯೆಸ್ಟರ್ ತಾನೆ, 5407 ಹಾಕ್ಬಿಡೋಣ ಸಾರ್" ಅಂತಾರೆ (ಅದು ಉದ್ದ ಸಿಂಥೆಟಿಕ್ ಎಳೆಯಿಂದ ನೇಯ್ದ ಬಟ್ಟೆಯ ಕಸ್ಟಮ್ಸ್ ಕೋಡ್, ಸುಂಕ ಇದ್ರ ಮೇಲೇ ನಿಂತಿರುತ್ತೆ), ಇವ್ರು ಮೊದ್ಲು ಸ್ಯಾಂಪಲ್ ತರಿಸ್ಕೊಂಡು ದಾರ ಎಳೆದು ನೋಡಿದ್ರು, ಉದ್ದ ಫಿಲಮೆಂಟಾ (ತುಂಡಾಗದ ಎಳೆ) ಇಲ್ಲಾ ತುಂಡು ನಾರಿಂದ ನೂತಿದ್ದಾ ಅಂತ, ಯಾಕಂದ್ರೆ ತುಂಡು ನಾರಾದ್ರೆ ಅದು ಕೋಡ್ ಪಟ್ಟಿಯ 55ನೇ ಚಾಪ್ಟರ್‌ಗೆ ಹೋಗುತ್ತೆ. ನಮ್ದು ಡೈ ಮಾಡಿದ್ದು, ಟೆಕ್ಸ್ಚರ್ಡ್ (ಸುರುಳಿ ಮಾಡಿ ಉಬ್ಬಿಸಿದ) ಫಿಲಮೆಂಟ್ 85%ಗಿಂತ ಜಾಸ್ತಿ, ಹಾಗಾಗಿ 5407 52. ಟೆಕ್ಸ್ಚರ್ಡ್ ಅಲ್ದೇ ಇದ್ದಿದ್ರೆ 5407 61.

ಅಸಲಿ ತಲೆನೋವು ಬ್ಯಾಗ್ ಲೈನಿಂಗ್‌ದು. ಹಿಂದ್ಗಡೆ ಪಿಯು (ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್) ಕೋಟಿಂಗ್ ಇತ್ತು. ಕೋಟಿಂಗ್ ಬರಿಗಣ್ಣಿಗೆ ಕಾಣ್ಸಿದ್ರೆ ಪ್ಲಾಸ್ಟಿಕ್ ಕೋಟಿಂಗ್ ಬಟ್ಟೆಯ ಕೋಡ್ 5903, ಬರೀ ಬಣ್ಣ ಬದಲಾಗಿರೋದು ಲೆಕ್ಕಕ್ಕಿಲ್ಲ ಅಂತ ಚಾಪ್ಟರ್ ನೋಟ್ ತೆಗೆದು ತೋರಿಸಿದ್ರು. ಸಪ್ಲೈಯರ್ ಕೊಟ್ಟ ಕೋಡ್ ನಂಬ್ಕೊಂಡು ಕೂತಿದ್ರೆ ಮುಗೀತು ಕಥೆ, ಮೊದಲ ಆರು ಡಿಜಿಟ್ ಎಲ್ಲಾ ಕಡೆ ಒಂದೇ, ಆದ್ಮೇಲೆ ನಮ್ಮ ದೇಶದ ಎರಡು ಡಿಜಿಟ್ ಬೇರೇನೇ.

ಬೇಜಾರಾಗಿದ್ದು ಅಂದ್ರೆ ಸ್ಯಾಂಪಲ್ ಲ್ಯಾಬ್‌ಗೆ ಹೋದ್ಮೇಲೆ ಫೋನೇ ಎತ್ತಲ್ಲ, ಇಲ್ಲಿ ಗೋಡೌನ್ ಚಾರ್ಜ್ ಏರ್ತಾ ಇರುತ್ತೆ, ಆಮೇಲೆ ಬಿಲ್ಲಲ್ಲಿ "ಇತರೆ" ಅಂತ ಒಂದು ಲೈನ್, ಏನು ಇತರೆ ಅಂದ್ರೆ ನಗ್ತಾರೆ! ಒಂದೇ ಮಾಲು ಪದೇಪದೇ ತರಿಸೋರು ಮುಂಬೈ ಇಲ್ಲಾ ದೆಹಲಿ ಅಥಾರಿಟಿಲಿ ಅಡ್ವಾನ್ಸ್ ರೂಲಿಂಗ್ (ಯಾವ ಕೋಡ್ ಅಂತ ಮೊದ್ಲೇ ಕೊಡೋ ತೀರ್ಪು) ತಗೊಳ್ಳಿ ಅಂತ ಅವ್ರೇ ಹೇಳಿದ್ರು, ಅದಕ್ಕೂ ಇವರ ಹತ್ರಾನೇ ಹೋಗ್ತೀನಿ, ಆದ್ರೆ ರೇಟ್ ಮೊದ್ಲೇ ಬರೆಸ್ಕೊಂಡು.