ಬದಲಿ ರೇಡಿಯೇಟರ್: ಕೋರ್ ಚೆನ್ನಾಗಿದೆ, ಡ್ರೈನ್ ಪ್ಲಗ್ ನಂಬುವಂತಿಲ್ಲ

ಹಳೆಯ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯುಮಿನಿಯಂ ಕೋರಿಗೆ (ಶಾಖ ಕಳೆಯುವ ನಡುಭಾಗ) ಸೇರುವ ಅಂಚಿನಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಸುವ ದ್ರವ, ಜಿನುಗತೊಡಗಿದ್ದರಿಂದ, ಕಾರು ತಯಾರಕರ ಮೂಲ ಬಿಡಿಭಾಗದ ಬದಲು ಬೇರೊಂದು ಕಂಪನಿ ಅದೇ ಮಾದರಿಗೆಂದು ತಯಾರಿಸಿದ ರೇಡಿಯೇಟರನ್ನು ತರಿಸಿ ಕೂರಿಸಿದೆ. ಶಾಖ ಕಳೆಯುವ ಕೆಲಸದಲ್ಲಿ ಅದು ಮೂಲ ಭಾಗಕ್ಕಿಂತ ಕಡಿಮೆಯೇನಲ್ಲ. ತಯಾರಕರು ಎಲ್ಲೆಲ್ಲಿ ಕೈ ಬಿಗಿಹಿಡಿದಿದ್ದಾರೆ ಎಂಬುದು ಅಳವಡಿಸುವಾಗಲೇ ಗೊತ್ತಾಗುತ್ತದೆ.

ಹಳೆಯದರ ಪಕ್ಕದಲ್ಲಿಟ್ಟು ನೋಡಿದರೆ ಕೋರಿನ ದಪ್ಪ ಒಂದೇ ಇದೆ, ಅದರ ತೆಳು ಲೋಹದ ಪಟ್ಟಿಗಳಾದ ಫಿನ್‌ಗಳು ಎಲ್ಲಿಯೂ ಬಾಗಿಲ್ಲ, ಕೆಳಗಿನ ಗೂಟಗಳು ರಬ್ಬರ್ ಬುಷ್‌ಗಳಲ್ಲಿ ಸರಾಗವಾಗಿ ಕೂರುತ್ತವೆ. ಆದರೆ ಮೇಲಿನ ಹೋಸ್ ಸೇರುವ ಕೊಳವೆಯ ಬಾಯಿಯಲ್ಲಿ ಅಚ್ಚಿನಿಂದ ಉಳಿದ ಪ್ಲಾಸ್ಟಿಕ್ಕಿನ ತೆಳುವಾದ ಏಣು ಬೆರಳಿಗೆ ತಾಗುವಷ್ಟು ಎದ್ದು ನಿಂತಿತ್ತು. ಅದನ್ನು ಬ್ಲೇಡಿನಿಂದ ಹೆರೆದು ನುಣುಪು ಮಾಡದೆ ಹೋಸ್ ಏರಿಸಿದರೆ, ಕ್ಲಾಂಪ್ ಎಷ್ಟು ಬಿಗಿದರೂ ಆ ಗೆರೆಯುದ್ದಕ್ಕೂ ಕೂಲೆಂಟ್ ಹೊರಬರುವ ದಾರಿ ಉಳಿಯುತ್ತದೆ. ಕೂಲೆಂಟ್ ಹೊರಬಿಡಲು ಇರುವ ಡ್ರೈನ್ ಪ್ಲಗ್ಗಿನ ರಬ್ಬರ್ ಉಂಗುರವಂತೂ ತೀರಾ ತೆಳು. ಕೂಲೆಂಟ್ ತುಂಬಿದೊಡನೆ ಅಲ್ಲಿಂದ ಹನಿಯತೊಡಗಿತು. ಎರಡೂ ಪ್ಲಗ್ಗುಗಳ ತಿರುಪಿನ ಗೆರೆಗಳು (ಥ್ರೆಡ್) ಒಂದೇ ಆಗಿದ್ದುದರಿಂದ ಹಳೆಯ ಪ್ಲಗ್ಗನ್ನೇ ಹಾಕಿದ ಮೇಲೆ ಸೋರಿಕೆ ನಿಂತಿತು, ಆದ್ದರಿಂದ ಹಳೆಯ ರೇಡಿಯೇಟರನ್ನು ಗುಜರಿಗೆ ಹಾಕಲು ಅವಸರ ಮಾಡಬೇಡಿ.

ಜೊತೆಗೆ ಬರುವ ಸೂಚನಾ ಪತ್ರ ನನಗೆ ಹೆಚ್ಚು ಬೇಸರ ತರಿಸಿತು. ಬೋಲ್ಟುಗಳ ಚಿತ್ರವಿದೆ, ಗಾಳಿ ಹೊರಹಾಕುವ ಬಗ್ಗೆ ಒಂದು ಸಾಲೂ ಇಲ್ಲ. ಒಳಗೆ ಗಾಳಿ ಉಳಿದರೆ ಹೊಸ ರೇಡಿಯೇಟರ್ ಇದ್ದರೂ ಎಂಜಿನ್ ಬಿಸಿಯೇರುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಕೂಲೆಂಟ್ ತುಂಬಿ, ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟಿಗೆ ದಾರಿ ಬಿಡುವ ಕವಾಟ) ತೆರೆದು ಎರಡೂ ಹೋಸ್‌ಗಳು ಬಿಸಿಯಾಗುವವರೆಗೆ ಎಂಜಿನ್ ಓಡಿಸಿ, ಗುಳ್ಳೆಗಳು ನಿಂತ ಮೇಲೆ ಮುಚ್ಚಳ ಬಿಗಿಯಬೇಕು. ಕೆಲವು ಕಾರುಗಳಲ್ಲಿ ಗಾಳಿ ಬಿಡಲು ಪ್ರತ್ಯೇಕ ಸ್ಕ್ರೂ ಇರುತ್ತದೆ. ಮತ್ತೆ ಪೂರ್ತಿ ತಣಿದ ಮೇಲೆ ಮಟ್ಟ ನೋಡುವುದನ್ನು ಬಿಡಬಾರದು.

ಹೊಸ ಮುಚ್ಚಳ ಪೆಟ್ಟಿಗೆಯಲ್ಲಿಲ್ಲ, ಇರಬೇಕಿತ್ತು. ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ನೀರನ್ನು ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್ ಒತ್ತಡವಿಲ್ಲದಿದ್ದರೆ ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತ ಹಳೆಯ ಮುಚ್ಚಳವನ್ನೇ ಮುಂದುವರಿಸಿದರೆ ಈ ಅನುಕೂಲ ಕೈತಪ್ಪುತ್ತದೆ.

ಅಳವಡಿಸಿದ ನಂತರ ಏರುದಾರಿಯಲ್ಲಿ ಎಸಿ ಹಾಕಿ ಓಡಿಸಿದಾಗಲೂ ತಾಪಮಾನದ ಮುಳ್ಳು ನಡುವಿನಿಂದ ಕದಲಲಿಲ್ಲ, ಟ್ಯಾಂಕಿನ ಅಂಚುಗಳು ಒಣಗಿಯೇ ಇವೆ. ಮ್ಯಾನ್ಯುಯಲ್ ಗೇರಿನ ಕಾರಿಗಾದರೆ ಇದನ್ನು ಕೊಳ್ಳಬಹುದು. ಗೇರ್ ಆಯಿಲ್ ತಂಪಾಗಿಸುವ ಭಾಗವೂ ರೇಡಿಯೇಟರಿನ ಟ್ಯಾಂಕಿನೊಳಗೇ ಇರುವ ಆಟೊಮ್ಯಾಟಿಕ್ ಕಾರಾದರೆ ನಾನು ಮೂಲ ಭಾಗವನ್ನೇ ಆರಿಸುತ್ತೇನೆ. ಅಲ್ಲಿ ಒಳಗೆ ಸೋರಿದರೆ ಆಯಿಲ್ ಮತ್ತು ಕೂಲೆಂಟ್ ಬೆರೆತು ಗೇರ್‌ಬಾಕ್ಸೇ ಕೆಡುತ್ತದೆ.